ಚೆಂದದ ಮುಖವೇ ಯಾಕೆ ಮರೆತುಹೋಗುತ್ತದೆ?

ಪ್ರಶ್ನೆ: ನನ್ನ ಕೆಲಸದಲ್ಲಿ ದಿನಾ ಹೊಸಬರು ಸಿಗುತ್ತಾರೆ. ನೋಡಲು ತುಂಬ ಚೆನ್ನಾಗಿರುವವರು ಎದುರಿಗಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ವಾರ ಬಿಟ್ಟು ಮತ್ತೆ ಸಿಕ್ಕರೆ ಗುರುತೇ ಹತ್ತುವುದಿಲ್ಲ. ಮೂಗು ಸ್ವಲ್ಪ ಸೊಟ್ಟಗಿರುವವರು, ಕೂಡುಹುಬ್ಬಿನವರು ಮಾತ್ರ ಥಟ್ಟನೆ ನೆನಪಾಗುತ್ತಾರೆ. ಇನ್ನೊಂದು ಪೇಚಾಟವೂ ಇದೆ. ಎಂದೂ ಕಂಡಿರದ ಚೆಂದದ ಮುಖ ನೋಡಿ 'ಇವರನ್ನು ಎಲ್ಲೋ ನೋಡಿದ್ದೇನೆ' ಅನ್ನಿಸಿ, ಮಾತಾಡಿಸಲು ಹೋಗಿ ನಾಚಿಕೆಪಟ್ಟಿದ್ದೇನೆ. ಸುಂದರ ಮುಖಗಳನ್ನು ಮೆದುಳು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ ಅಂತ ಎಲ್ಲೋ ಓದಿದ್ದೆ. ನನಗೆ ಯಾಕೆ ಉಲ್ಟಾ? ನನ್ನ ನೆನಪಿನಲ್ಲೇ ಏನಾದರೂ ತೊಂದರೆ ಇದೆಯೇ?

ಉತ್ತರ: ನಿಮ್ಮ ನೆನಪಿಗೆ ಏನೂ ಆಗಿಲ್ಲ. ನೀವು ಓದಿದ್ದೂ ಸುಳ್ಳಲ್ಲ, ನಿಮಗೆ ಆಗುತ್ತಿರುವುದೂ ಸುಳ್ಳಲ್ಲ. ಒಂದು ಮುಖ ಕಂಡು ಖುಷಿಪಡುವುದು ಮೆದುಳಿಗೆ ಒಂದು ಕೆಲಸ. ಆ ಮುಖವನ್ನು ಉಳಿದ ಮುಖಗಳ ಜೊತೆ ಕಲಸಿಹೋಗದಂತೆ ಬೇರೆಯಾಗಿ ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ಎರಡನೆಯದಕ್ಕೆ ಕೆಲವೊಮ್ಮೆ ಕೈಜೋಡಿಸುತ್ತದೆ, ಕೆಲವೊಮ್ಮೆ ಅಡ್ಡಗಾಲು ಹಾಕುತ್ತದೆ. ನಿಮ್ಮ ಎರಡು ಪೇಚಾಟಗಳೂ ಹುಟ್ಟುವುದು ಇಲ್ಲಿಯೇ.

ಮೊದಲು ಖುಷಿಯ ವಿಷಯ. ಇದು ನಡೆಯುವ ವೇಗ ನಂಬಲಾಗದಷ್ಟು. 2005ರಲ್ಲಿ ಇಂಗ್ರಿಡ್ ಓಲ್ಸನ್ ಮತ್ತು ಕ್ರಿಸ್ಟಿ ಮಾರ್ಶುಯೆಟ್ಸ್ ಮುಖದ ಚಿತ್ರಗಳನ್ನು ಬರೀ 13 ಮಿಲಿಸೆಕೆಂಡ್ ತೋರಿಸಿ, ತಕ್ಷಣ ಬೇರೆ ಚಿತ್ರದಿಂದ ಮುಚ್ಚಿದರು. 'ಏನೂ ಕಾಣಿಸಲೇ ಇಲ್ಲ, ಸುಮ್ನೆ ಊಹೆ ಮಾಡಿ ಅಂಕ ಕೊಟ್ಟೆವು' ಅಂದರು ನೋಡಿದವರು. ಆದರೂ ಚೆಂದದ ಮುಖಗಳಿಗೇ ಜಾಸ್ತಿ ಅಂಕ ಬಿದ್ದಿತ್ತು. ಅಂದರೆ 'ನೋಡಿದೆ' ಅಂತ ನಮಗೆ ಗೊತ್ತಾಗುವ ಮೊದಲೇ ಮೆದುಳು ಒಂದು ತೀರ್ಪಿಗೆ ಬಂದಿರುತ್ತದೆ.

ಆ ತೀರ್ಪು ತಲುಪುವ ಜಾಗ ಯಾವುದು? ಕಣ್ಣಿನ ಗೂಡಿನ ಮೇಲ್ಗಡೆ, ಹಣೆಯ ಹಿಂದೆ ಇರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್, ಮತ್ತು ಮೆದುಳಿನ ಒಳಗಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್. ತಿಂಡಿ, ದುಡ್ಡು, ಹೊಗಳಿಕೆ ಸಿಕ್ಕಾಗ ಚುರುಕಾಗುವುದೂ ಇದೇ ಜಾಲ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ 2001ರದ್ದು. ಇಟ್ಝಾಕ್ ಅಹರಾನ್ ಮತ್ತು ಸಂಗಡಿಗರು ಹೆಣ್ಣಿನ ಕಡೆ ಆಕರ್ಷಣೆ ಇರುವ ಯುವಕರನ್ನು ಕೂರಿಸಿ ಒಂದು ಕೀಬೋರ್ಡ್ ಕೊಟ್ಟರು. ಕೀಲಿ ಒತ್ತುತ್ತಿದ್ದರೆ ಚಿತ್ರ ಪರದೆಯ ಮೇಲೆ ಜಾಸ್ತಿ ಹೊತ್ತು ಉಳಿಯುತ್ತದೆ, ಇಲ್ಲದಿದ್ದರೆ ಮಾಯ. ಸುಂದರ ಹೆಂಗಸರ ಚಿತ್ರಕ್ಕೆ ಅವರು ಬೆರಳು ನೋಯುವಷ್ಟು ಒತ್ತಿದರು. ಸುಂದರ ಗಂಡಸರ ಚಿತ್ರಕ್ಕೆ? 'ಹೌದು, ನೋಡಲು ಚೆನ್ನಾಗಿದ್ದಾನೆ' ಅಂತ ಒಳ್ಳೆಯ ಅಂಕವನ್ನೇನೋ ಕೊಟ್ಟರು, ಆದರೆ ಉಳಿಸಿಕೊಳ್ಳಲು ಶ್ರಮಪಡಲಿಲ್ಲ. ಚೆಂದ ಅಂತ ಒಪ್ಪುವುದು ಬೇರೆ, ಬೇಕು ಅನ್ನಿಸುವುದು ಬೇರೆ ಅಂತ ಇದರಲ್ಲಿ ಸ್ಪಷ್ಟವಾಗಿ ಕಂಡಿತು.

ಮುಖ ಹೇಗಿದೆ ಅನ್ನುವುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದೇ 2001ರಲ್ಲಿ ಲಂಡನ್ನಿನಲ್ಲಿ ಕ್ನುಟ್ ಕಾಂಪೆ ತಂಡ ಕಂಡುಕೊಂಡ ಹಾಗೆ, ಚೆಂದದ ಮುಖ ನೇರವಾಗಿ ನಮ್ಮತ್ತ ನೋಡಿದರೆ ಈ ಖುಷಿಯ ಭಾಗದಲ್ಲಿ ಚಟುವಟಿಕೆ ಏರುತ್ತದೆ. ಅದೇ ಮುಖ ದೃಷ್ಟಿ ಬೇರೆ ಕಡೆ ತಿರುಗಿಸಿದ್ದರೆ ಇಳಿಯುತ್ತದೆ. ನಗು ಸೇರಿದರೆ ಆರ್ಬಿಟೋಫ್ರಂಟಲ್ ಪ್ರತಿಕ್ರಿಯೆ ಇನ್ನೂ ಜೋರು ಅಂತ 2003ರಲ್ಲಿ ಜಾನ್ ಓಡೊಹರ್ಟಿ ತಂಡ ತೋರಿಸಿತು.

ಇನ್ನು ನೀವು ಓದಿದ ಸುದ್ದಿಗೆ ಬರೋಣ. ಅದರ ಮೂಲ ಬಹುಶಃ 2011ರಲ್ಲಿ ತಕಾಶಿ ತ್ಸುಕಿಯುರಾ ಮತ್ತು ರಾಬರ್ಟೊ ಕಬೇಜಾ ಮಾಡಿದ ಅಧ್ಯಯನ. ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಅಪರಿಚಿತರ ಮುಖ ತೋರಿಸಿದರು, ಪ್ರತಿಯೊಂದೂ ಎಷ್ಟು ಆಕರ್ಷಕ ಅಂತ ಕೇಳಿದರು, ಆಮೇಲೆ ನೆನಪಿನ ಪರೀಕ್ಷೆ ಮಾಡಿದರು. ಆಕರ್ಷಕ ಮುಖಗಳು ಸಾಧಾರಣ ಮುಖಗಳಿಗಿಂತ, ಆಕರ್ಷಕವಲ್ಲದವಕ್ಕಿಂತ ಚೆನ್ನಾಗಿ ನೆನಪಿದ್ದವು. ಮುಖ ನೋಡುವಾಗಲೇ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಮತ್ತು ನೆನಪು ಕಟ್ಟುವ ಹಿಪೊಕ್ಯಾಂಪಸ್ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತಿದ್ದವು. ಆಕರ್ಷಕ ಮುಖಗಳ ವಿಷಯದಲ್ಲಿ ಆ ಹೊಂದಾಣಿಕೆ ಇನ್ನೂ ಬಲವಾಗಿತ್ತು. 2008ರಲ್ಲಿ ಇವರಿಬ್ಬರೇ ನಗುಮುಖದ ಜೊತೆ ಕಲಿತ ಹೆಸರು ಚೆನ್ನಾಗಿ ಉಳಿಯುತ್ತದೆ ಅಂತಲೂ ತೋರಿಸಿದ್ದರು. ಅಲ್ಲೂ ಇದೇ ಜೋಡಿ ಭಾಗಗಳು.

ಇದರಲ್ಲಿ ಅಚ್ಚರಿ ಏನಿಲ್ಲ. ಲಾಭ ಸಿಗುವ ಸಂದರ್ಭವನ್ನು ಮೆದುಳು ಗಟ್ಟಿಯಾಗಿ ನೆನಪಿಡುತ್ತದೆ. ಲಾಭದ ಸುಳಿವು ಸಿಕ್ಕಾಗ ಕೆಲಸ ಮಾಡುವ ಡೋಪಮೈನ್ ಅನ್ನುವ ರಾಸಾಯನಿಕವನ್ನು ಬಿಡುಗಡೆ ಮಾಡುವ ಮಧ್ಯಮೆದುಳಿನ ಭಾಗಕ್ಕೂ ಹಿಪೊಕ್ಯಾಂಪಸ್‌ಗೂ ಕೊಡುಕೊಳ್ಳುವಿಕೆ ಇದೆ. ಹಾಗಾದರೆ ಚೆಂದದ ಮುಖ ನಿಮಗೆ ಯಾಕೆ ಕೈಕೊಡುತ್ತಿದೆ?

ಯಾಕೆಂದರೆ ನೆನಪು ನಿಲ್ಲುವುದು ಖುಷಿಯ ಮೇಲೆ ಮಾತ್ರ ಅಲ್ಲ, ವ್ಯತ್ಯಾಸದ ಮೇಲೆ. ನೂರಾರು ಮುಖಗಳ ನಡುವೆ ಒಂದನ್ನು ಹೆಕ್ಕಬೇಕಾದರೆ ಆ ಮುಖದಲ್ಲಿ ಬೇರೆಯವರಲ್ಲಿ ಇಲ್ಲದ್ದು ಏನಾದರೂ ಇರಬೇಕು. ಚೆಂದದ ಮುಖಗಳಲ್ಲಿ ಅಂಥದ್ದು ಕಡಿಮೆ. 1878ರ ಹೊತ್ತಿಗೇ ಫ್ರಾನ್ಸಿಸ್ ಗಾಲ್ಟನ್ ಹಲವರ ಫೋಟೊಗಳನ್ನು ಒಂದರ ಮೇಲೊಂದು ಮೂಡಿಸಿ, ಬೆರಕೆಯ ಮುಖ ಅದರಲ್ಲಿನ ಬಿಡಿ ಮುಖಗಳಿಗಿಂತ ಚೆನ್ನಾಗಿ ಕಾಣುತ್ತದೆ ಅಂತ ಗಮನಿಸಿದ್ದ. ಅಪರಾಧಿಗಳ ಮುಖದಲ್ಲಿ ಏನೋ ಒಂದು ಸಮಾನ ಗುರುತು ಸಿಗುತ್ತದೆ ಅಂತ ಹುಡುಕಲು ಹೊರಟವನು ಅವನು. ಸಿಕ್ಕಿದ್ದು ಮಾತ್ರ ಬಿಡಿ ಮುಖಗಳಿಗಿಂತ ಸಭ್ಯವಾಗಿ ಕಾಣುವ ಒಂದು ಮುಖ! 1990ರಲ್ಲಿ ಜುಡಿತ್ ಲ್ಯಾಂಗ್ಲಾಯ್ ಮತ್ತು ಲೋರಿ ರಾಗ್‌ಮನ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. 16 ಅಥವಾ 32 ಮುಖಗಳನ್ನು ಸರಾಸರಿ ಮಾಡಿ ಮೂಡಿಸಿದ ಮುಖಕ್ಕೆ ಜನ ಬಿಡಿ ಮುಖಗಳಿಗಿಂತ ಹೆಚ್ಚು ಅಂಕ ಕೊಟ್ಟರು.

ಸರಾಸರಿ ಅಂದರೆ ಸಪ್ಪೆ ಅಂತ ತಿಳಿಯಬೇಡಿ. ಮೂಗು ತೀರಾ ಉದ್ದವೂ ಅಲ್ಲ ಗಿಡ್ಡವೂ ಅಲ್ಲ, ಕಣ್ಣಿನ ನಡುವಿನ ಅಂತರ ಅತಿಯಾಗಿಲ್ಲ, ಎಡಬಲ ಹೊಂದಿಕೆ ಇದೆ. ಅಷ್ಟೇ ಅರ್ಥ. ಇಂಥ ಮುಖಗಳು ಒಂದಕ್ಕೊಂದು ಹೋಲುತ್ತವೆ. 1991ರಲ್ಲಿ ಟಿಮ್ ವ್ಯಾಲೆಂಟೈನ್ ಮುಂದಿಟ್ಟ ಒಂದು ಯೋಚನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾವು ಕಂಡ ಮುಖಗಳೆಲ್ಲ ತಲೆಯೊಳಗೆ ಒಂದು ದೊಡ್ಡ ನಕ್ಷೆಯಲ್ಲಿ ಕೂತಿವೆ ಅಂದುಕೊಳ್ಳಿ. ಸರಾಸರಿಗೆ ಹತ್ತಿರದ ಮುಖಗಳೆಲ್ಲ ನಡುವಿನಲ್ಲಿ ಒತ್ತೊತ್ತಾಗಿ ಇರುತ್ತವೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಯಾವುದೋ ಒಂದು ಬಾಗಿಲು ಹುಡುಕುವುದು ಕಷ್ಟ, ಬಯಲಲ್ಲಿ ಒಂಟಿಯಾಗಿ ನಿಂತ ಮನೆ ದೂರದಿಂದಲೇ ಕಾಣುತ್ತದೆ. ನಿಮ್ಮ ಸೊಟ್ಟಮೂಗಿನ ಪರಿಚಯಸ್ಥರು ಆ ಬಯಲಿನವರು. ಆಕರ್ಷಕ ಮುಖಗಳು ಒಂದನ್ನೊಂದು ಹೆಚ್ಚು ಹೋಲುವುದರಿಂದಲೇ ಮರೆತುಹೋಗುತ್ತವೆ ಅಂತ ಲಿಯಾ ಲೈಟ್ ಮತ್ತು ಜೊತೆಗಾರರು 1981ರಲ್ಲೇ ಬರೆದಿದ್ದರು.

ಹಾಗಂತ ಎಲ್ಲ ಸೌಂದರ್ಯವೂ ಸರಾಸರಿಯದ್ದಲ್ಲ. ಡೇವಿಡ್ ಪೆರೆಟ್ ತಂಡ 1994ರಲ್ಲಿ ಆಯ್ದ ಸುಂದರ ಮುಖಗಳನ್ನಷ್ಟೇ ಬೆರೆಸಿ ನೋಡಿತು. ಆ ಬೆರಕೆ ಎಲ್ಲರ ಬೆರಕೆಗಿಂತ ಹೆಚ್ಚು ಇಷ್ಟವಾಯಿತು. ಅವೆರಡರ ನಡುವಿನ ವ್ಯತ್ಯಾಸವನ್ನು ಇನ್ನಷ್ಟು ಎಳೆದು ಹಿಗ್ಗಿಸಿದಾಗ ಇನ್ನೂ ಇಷ್ಟವಾಯಿತು. ಅಗಲ ಕಣ್ಣೋ, ತುಂಬು ತುಟಿಯೋ, ಏನೋ ಒಂದು ಅಚ್ಚು ಇರುವ ಸುಂದರ ಮುಖಗಳಿವೆಯಲ್ಲ, ಅವನ್ನು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ನೀಟಾದ, ಎಲ್ಲೂ ಕುಂದಿಲ್ಲದ, ಎಲ್ಲೂ ಎದ್ದು ಕಾಣದ ಚೆಲುವು.

ಎದ್ದು ಕಾಣುವುದನ್ನೂ ಚೆಂದವನ್ನೂ ಬೇರೆ ಮಾಡಿ ಅಳೆಯದಿದ್ದರೆ ಫಲಿತಾಂಶ ಆ ಕಡೆಗೂ ಈ ಕಡೆಗೂ ವಾಲುತ್ತದೆ. ಹಾಗೆ ಬೇರೆ ಮಾಡಿ ಅಳೆದವರು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಹೋಲ್ಗರ್ ವೀಸೆ, ಕರೊಲಿನ್ ಆಲ್ಟ್‌ಮನ್ ಮತ್ತು ಸ್ಟೆಫಾನ್ ಶ್ವೈನ್‌ಬರ್ಗರ್. ವರ್ಷ 2014. ಎರಡು ಗುಂಪು ಮುಖಗಳನ್ನು ಆರಿಸಿಕೊಂಡರು, ಒಂದು ಹೆಚ್ಚು ಆಕರ್ಷಕ, ಇನ್ನೊಂದು ಕಡಿಮೆ. ಆದರೆ ಎರಡೂ ಗುಂಪಿನ ಮುಖಗಳು ಎದ್ದು ಕಾಣುವ ಗುಣದಲ್ಲಿ ಸರಿಸಮ. ತಲೆಗೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ವೈರು ಹಾಕಿಕೊಂಡು ಜನ ಮುಖಗಳನ್ನು ಕಲಿತರು, ಆಮೇಲೆ ಹಳತು ಯಾವುದು ಹೊಸತು ಯಾವುದು ಅಂತ ಗುರುತಿಸಿದರು. ಕಡಿಮೆ ಆಕರ್ಷಕ ಮುಖಗಳೇ ನಿಖರವಾಗಿ ನೆನಪಿದ್ದವು. ನಿಮ್ಮ ಪ್ರಶ್ನೆಗೆ ತ್ಸುಕಿಯುರಾ ಅಧ್ಯಯನಕ್ಕಿಂತ ಇದು ಹೆಚ್ಚು ಹತ್ತಿರ ಅಂತ ನನ್ನ ಅಭಿಪ್ರಾಯ.

ಈ ಅಧ್ಯಯನದಲ್ಲಿ ನಿಮ್ಮ ಎರಡನೇ ಪೇಚಾಟಕ್ಕೂ ಉತ್ತರ ಇದೆ. ಅದಕ್ಕೆ ಮೊದಲು ಇಂಥ ಪರೀಕ್ಷೆಯ ಲೆಕ್ಕ ಹೇಗೆ ಅಂತ ಹೇಳಿಬಿಡುತ್ತೇನೆ, ಸುದ್ದಿಗಳಲ್ಲಿ ಬಿಟ್ಟುಹೋಗುವುದು ಇದೇ. ಸುಮ್ನೆ ಊಹಿಸಿ: 50 ಮುಖ ಕಲಿತಿದ್ದೀರಿ, ಪರೀಕ್ಷೆಯಲ್ಲಿ ಆ 50ರ ಜೊತೆ 50 ಹೊಸ ಮುಖ ಬೆರೆಸಿ ಕೇಳುತ್ತಾರೆ. ಒಬ್ಬರು ಹಳೆಯ 40 ಮುಖಕ್ಕೆ 'ನೋಡಿದ್ದೇನೆ' ಅಂದರು, ಹೊಸದರಲ್ಲಿ 5ಕ್ಕೆ ಮಾತ್ರ ತಪ್ಪಾಗಿ ಹಾಗಂದರು. ಇನ್ನೊಬ್ಬರು ಹಳೆಯ 45ಕ್ಕೆ 'ನೋಡಿದ್ದೇನೆ' ಅಂದರು, ಹೊಸದರಲ್ಲೂ 25ಕ್ಕೆ ಹಾಗೇ ಅಂದರು. ಹಳೆಯ ಮುಖಗಳಲ್ಲಿ ಎಷ್ಟು ಗುರುತಿಸಿದರು ಅಂತಷ್ಟೇ ಎಣಿಸಿದರೆ ಎರಡನೆಯವರು ಜಾಣರು. ಆದರೆ ಅವರಿಗೆ ನೆನಪು ಜಾಸ್ತಿ ಇಲ್ಲ, 'ನೋಡಿದ್ದೇನೆ' ಅನ್ನುವ ಚಾಳಿ ಜಾಸ್ತಿ, ಅಲ್ವಾ?

ಯೇನಾದಲ್ಲಿ ಚೆಂದದ ಮುಖಗಳ ವಿಷಯದಲ್ಲಿ ಆಗಿದ್ದು ಇದೇ. ಎಂದೂ ತೋರಿಸದ ಆಕರ್ಷಕ ಮುಖ ಕಂಡಾಗ ಜನ ಹೆಚ್ಚು ಸಲ 'ಇದನ್ನು ನೋಡಿದ್ದೇವೆ' ಅಂದರು. ಕಲಿಯುವ ಹೊತ್ತಿನಲ್ಲಿ ಇಇಜಿಯಲ್ಲಿ ಭಾವನೆಗೆ ಸಂಬಂಧಿಸಿದ ಒಂದು ಅಲೆ ಆಕರ್ಷಕ ಮುಖಗಳಿಗೆ ದೊಡ್ಡದಾಗಿತ್ತು. ಭಾವನೆ ಮೇಲುಗೈಯಾದಾಗ ವಿವರ ಹಿಡಿಯುವುದು ಸಡಿಲವಾಗುತ್ತದೆಯೇನೋ ಅನ್ನುವುದು ಆ ಸಂಶೋಧಕರ ಅನುಮಾನ.

ಈ 'ಎಲ್ಲೋ ನೋಡಿದ್ದೇನೆ' ಭಾವನೆಯ ಬಗ್ಗೆ ಬೆನ್ವಾ ಮೋನಾನ್ 2003ರಲ್ಲಿ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿದ್ದರು. ಪರಿಚಿತವಾದದ್ದು ನಮಗೆ ಹಿತವಾಗುತ್ತದೆ ಅಂತ ಮನೋವಿಜ್ಞಾನಕ್ಕೆ ಮೊದಲೇ ಗೊತ್ತಿತ್ತು. ರಾಬರ್ಟ್ ಝಯಾನ್ಸ್ 1968ರಲ್ಲೇ ಅದನ್ನು ತೋರಿಸಿದ್ದ, ಪದೇ ಪದೇ ಕಂಡದ್ದನ್ನು ನಾವು ಸುಮ್ಮನೆ ಇಷ್ಟಪಡತೊಡಗುತ್ತೇವೆ. ಮೋನಾನ್ ಅದನ್ನು ತಿರುವುಹಾಕಿದರು. ಹಿತವಾದದ್ದು ಪರಿಚಿತ ಅನ್ನಿಸುತ್ತದೆಯೇ? ಅನ್ನಿಸುತ್ತದೆ. ಆಕರ್ಷಕ ಮುಖಗಳು ಮೊದಲ ಸಲ ಕಂಡರೂ ಪರಿಚಿತ ಅನ್ನಿಸಿದವು.

ಯಾಕೆ ಹೀಗೆ ಅಂದರೆ, ಪರಿಚಯ ಅನ್ನುವುದು ತಲೆಯೊಳಗೆ ಒಂದು ಭಾವನೆಯಾಗಿಯೇ ಮೂಡುತ್ತದೆ. ಮೆದುಳು ಒಂದು ಮುಖವನ್ನು ಸಲೀಸಾಗಿ ಓದಿಕೊಂಡಾಗ ಒಂದು ಸಣ್ಣ ನಿರಾಳ ಆಗುತ್ತದೆ. ಆ ಸಲೀಸು ಎರಡು ಕಾರಣಕ್ಕೆ ಬರಬಹುದು. ಹಿಂದೆ ನೋಡಿದ್ದರಿಂದ ಬರಬಹುದು, ಅಥವಾ ಆ ಮುಖ ಸರಾಸರಿಗೆ ಹತ್ತಿರ ಇದ್ದು ಓದಲು ಸುಲಭವಾಗಿರುವುದರಿಂದ ಬರಬಹುದು. ಒಳಗಿನಿಂದ ಎರಡೂ ಒಂದೇ ಥರ. ಎಂದೂ ಕಾಣದವರನ್ನು ನೀವು ಮಾತಾಡಿಸಲು ಹೋದಾಗ ಆಗಿದ್ದು ಇದೇ ಅಂತ ನನ್ನ ಊಹೆ: ಇಷ್ಟವಾದ ಹಿತವನ್ನು ನೆನಪಿನ ಖಾತೆಗೆ ಬರೆದುಕೊಂಡಿರಿ. ಇದಕ್ಕೆ ನನಗೆ ಗೊತ್ತಿರುವ ಒಂದೇ ಉಪಾಯ, 'ಎಲ್ಲಿ ನೋಡಿದೆ?' ಅಂತ ನಿಮ್ಮನ್ನೇ ಕೇಳಿಕೊಳ್ಳುವುದು. ನಿಜವಾದ ನೆನಪಾದರೆ ಅದರ ಜೊತೆ ಜಾಗವೋ, ಮಾತೋ, ಪಕ್ಕದಲ್ಲಿದ್ದವರೋ ಒಂದು ತುಣುಕಾದರೂ ಬರುತ್ತದೆ. ಬರೀ ಬೆಚ್ಚನೆಯ ಭಾವನೆ ಇದ್ದು ಹಿಂದೆ ಏನೂ ಇಲ್ಲದಿದ್ದರೆ ಮುಗುಳ್ನಕ್ಕು ಸುಮ್ಮನಿದ್ದುಬಿಡಿ.

ಹಾಗಂತ ಚೆಂದವಿಲ್ಲದ ಮುಖವನ್ನು ಮೆದುಳು ಕಡೆಗಣಿಸುತ್ತದೆ ಅಂತಲ್ಲ. ಅಮಿಗ್ಡಲ ಅನ್ನುವ ಭಾಗ ತುಂಬ ಚೆಂದದ ಮುಖಕ್ಕೂ ಸ್ಪಂದಿಸುತ್ತದೆ, ತೀರಾ ಚೆಂದವಿಲ್ಲದ ಮುಖಕ್ಕೂ ಸ್ಪಂದಿಸುತ್ತದೆ, ನಡುವಿನವಕ್ಕೆ ಕಡಿಮೆ. 2007ರಲ್ಲಿ ಜೋಯಲ್ ವಿನ್‌ಸ್ಟನ್ ತಂಡ ಇದನ್ನು ಅಳೆಯಿತು. ಬಹಳ ಹಿಂದೆ, 1973ರಲ್ಲಿ, ಶೆಫರ್ಡ್ ಮತ್ತು ಎಲಿಸ್ ನಡೆಸಿದ ನೆನಪಿನ ಪರೀಕ್ಷೆಯಲ್ಲೂ ತಿಂಗಳು ಕಳೆದ ಮೇಲೆ ಹೆಚ್ಚು ಮಾಸಿದ್ದು ಅತ್ತ ಚೆಂದವೂ ಅಲ್ಲದ, ಇತ್ತ ಕುರೂಪವೂ ಅಲ್ಲದ ಮುಖಗಳು.

ಇಂಥ ಪ್ರಯೋಗಗಳ ಬಗ್ಗೆ ನನ್ನದೊಂದು ತಕರಾರಿದೆ. ಬಹಳಷ್ಟು ಪ್ರಯೋಗಗಳಲ್ಲಿ ಕಲಿಯುವಾಗ ತೋರಿಸಿದ ಅದೇ ಫೋಟೊವನ್ನು ಪರೀಕ್ಷೆಯಲ್ಲೂ ತೋರಿಸುತ್ತಾರೆ. ಅದು ಫೋಟೊದ ನೆನಪು, ಮನುಷ್ಯನ ನೆನಪಲ್ಲ. ವಿಕಿ ಬ್ರೂಸ್ 1982ರಲ್ಲಿ ಈ ವ್ಯತ್ಯಾಸವನ್ನು ಅಳೆದಿದ್ದರು. ಅಪರಿಚಿತರ ಅದೇ ಫೋಟೊ ತೋರಿಸಿದರೆ ಶೇ. 90ರಷ್ಟು ಸರಿಯುತ್ತರ. ಮುಖ ತಿರುಗಿದ ಕೋನ ಅಥವಾ ಹಾವಭಾವ, ಯಾವುದಾದರೂ ಒಂದು ಬದಲಾದರೆ ಶೇ. 76. ಎರಡೂ ಬದಲಾದರೆ ಸುಮಾರು ಶೇ. 60. ನಿಮಗೆ ಸಿಗುವವರು ವಾರ ಬಿಟ್ಟು ಬಂದಾಗ ಬಟ್ಟೆ ಬೇರೆ, ಬೆಳಕು ಬೇರೆ, ಕೂದಲು ಬೇರೆ.

ಈ ಕೂದಲಿನ ವಿಷಯ ಸಣ್ಣದಲ್ಲ. ಅಪರಿಚಿತ ಮುಖವನ್ನು ಗುರುತಿಸಲು ನಾವು ಕೂದಲು, ತಲೆಯ ಆಕಾರದಂಥ ಹೊರಗಿನ ಚೌಕಟ್ಟನ್ನೇ ಬಹಳ ನೆಚ್ಚುತ್ತೇವೆ. ಪರಿಚಯ ಗಟ್ಟಿಯಾದಂತೆ ಕಣ್ಣು, ಮೂಗು, ಬಾಯಿಯ ಕಡೆ ಜರುಗುತ್ತೇವೆ. 2011ರಲ್ಲಿ ರಾಬ್ ಜೆಂಕಿನ್ಸ್ ತಂಡ ಮಾಡಿದ್ದನ್ನು ಕೇಳಿದರೆ ನಿಮಗೆ ಸಮಾಧಾನ ಆಗಬಹುದು. 40 ಫೋಟೊಗಳ ಕಟ್ಟು ಕೊಟ್ಟು 'ಒಬ್ಬೊಬ್ಬರ ಫೋಟೊ ಒಂದೊಂದು ಗುಂಪು ಮಾಡಿ' ಅಂದರು. ಅದರಲ್ಲಿದ್ದದ್ದು ನೆದರ್ಲೆಂಡ್ಸ್‌ನ ಇಬ್ಬರೇ ಇಬ್ಬರು ಜನಪ್ರಿಯ ವ್ಯಕ್ತಿಗಳು, ತಲಾ 20 ಫೋಟೊ. ಅವರ ಪರಿಚಯವೇ ಇಲ್ಲದ ಬ್ರಿಟನ್ನಿನ ಜನ ಫೋಟೊಗಳನ್ನು ಹಿಡಿದು, ತಿರುಗಿಸಿ, ಪಕ್ಕಪಕ್ಕ ಇಟ್ಟು, ಸಾಮಾನ್ಯವಾಗಿ ಏಳೆಂಟು ಗುಂಪು ಮಾಡಿದರು. ನೆದರ್ಲೆಂಡ್ಸ್‌ನವರಿಗೆ ಕೊಟ್ಟರೆ ಎರಡೇ ಗುಂಪು. ಇಲ್ಲಿ ನೆನಪಿನ ಮಾತೇ ಇಲ್ಲ ನೋಡಿ, ಫೋಟೊಗಳು ಕಣ್ಣೆದುರೇ ಇದ್ದವು. ಒಬ್ಬರನ್ನು ಹಲವು ಬೆಳಕಿನಲ್ಲಿ, ಹಲವು ಮೂಡಿನಲ್ಲಿ ಕಂಡ ಮೇಲಷ್ಟೇ ಆ ಮುಖ ನಮ್ಮದಾಗುತ್ತದೆ. ಹಾಗಾದ ಮೇಲೆ ಚೆಂದವೋ ಅಲ್ಲವೋ ಅನ್ನುವುದು ಗುರುತಿಸುವುದಕ್ಕೆ ಅಡ್ಡ ಬರುವುದಿಲ್ಲ. ಚೆಲುವೆ ಅಂತ ತನ್ನ ತಂಗಿಯನ್ನು ಯಾರೂ ಮರೆಯುವುದಿಲ್ಲವಲ್ಲ.

ಕೆಲಸದ ಜಾಗದಲ್ಲಿ ಏನು ಮಾಡಬಹುದು? ಸುಂದರ ಮುಖ ಎದುರಿಗಿದ್ದಾಗ ಕಣ್ಣು ನಿಂತಿದೆ ಅಂದಮಾತ್ರಕ್ಕೆ ಕಲಿಯುತ್ತಿದ್ದೀರಿ ಅಂತ ಅರ್ಥವಲ್ಲ. ಮುಖದ ಬಗ್ಗೆ ಏನಾದರೂ ತೀರ್ಮಾನ ಮಾಡಿ. ಗಾರ್ಡನ್ ಬೋವರ್ ಮತ್ತು ಮಾರ್ಟಿನ್ ಕಾರ್ಲಿನ್ 1974ರಲ್ಲಿ ತೋರಿಸಿದ ಹಾಗೆ, ಮುಖ ನೋಡಿ 'ಗಂಡೋ ಹೆಣ್ಣೋ' ಅಂತಷ್ಟೇ ಹೇಳಿದವರಿಗಿಂತ 'ಈ ವ್ಯಕ್ತಿ ಪ್ರಾಮಾಣಿಕರೇ' ಅಂತ ಯೋಚಿಸಿದವರಿಗೆ ಮುಖ ಚೆನ್ನಾಗಿ ನೆನಪುಳಿಯಿತು. ಆ ತೀರ್ಮಾನ ಸರಿಯಾಗಿರಬೇಕು ಅಂತೇನಿಲ್ಲ. ಬಹಳ ಸಲ ಅದು ತಪ್ಪೇ ಆಗಿರುತ್ತದೆ, ಅದನ್ನು ನಂಬಿ ವ್ಯವಹಾರ ಮಾಡಬೇಡಿ. ಜೊತೆಗೆ ಕೂದಲು, ಕನ್ನಡಕ, ಗಡ್ಡ ಬಿಟ್ಟು ಒಳಗೆ ಒಂದು ಗುರುತು ಹುಡುಕಿ. ಎಷ್ಟೇ ನೀಟಾದ ಮುಖದಲ್ಲೂ ಇರುತ್ತದೆ: ನಗುವಾಗ ಒಂದು ಕಡೆಗೇ ಏರುವ ತುಟಿ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ, ಕಿವಿಯ ಹಾಲೆಯ ಆಕಾರ. ಹೆಸರಿಗಿಂತ ಅವರು ಏನು ಮಾಡುತ್ತಾರೆ ಅನ್ನುವುದನ್ನು ಮುಖಕ್ಕೆ ಗಂಟುಹಾಕಿ. ಹೆಸರು ಉಳಿಯುವುದಕ್ಕಿಂತ ಉದ್ಯೋಗ ಸುಲಭವಾಗಿ ಉಳಿಯುತ್ತದೆ ಅಂತ 1987ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ, ಒಂದೇ ಪದ ಹೆಸರಾಗಿಯೂ ಉದ್ಯೋಗವಾಗಿಯೂ ಬಂದಾಗಲೂ ಸಹ (ನಮ್ಮಲ್ಲಿ 'ಪಟೇಲ' ಹೆಸರೂ ಹೌದು, ಕೆಲಸವೂ ಹೌದು ಅನ್ನುವ ಹಾಗೆ).

ಕೊನೆಯದಾಗಿ, ತೊಂದರೆ ಇದೆಯೇ ಅಂತ ಕೇಳಿದಿರಿ. ಮುಖ ಗುರುತಿಸಲಾಗದ ಸ್ಥಿತಿಯೊಂದು ಇದೆ, ಪ್ರೊಸೊಪ್ಯಾಗ್ನೋಸಿಯ. ಹುಟ್ಟಿನಿಂದಲೇ ಸ್ವಲ್ಪಮಟ್ಟಿಗೆ ಹೀಗಿರುವವರು ನೂರಕ್ಕೆ ಸುಮಾರು ಇಬ್ಬರು ಇರಬಹುದು ಅನ್ನುವ ಅಂದಾಜಿದೆ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೇ ಇತ್ತು, ಅವರೇ ಬರೆದುಕೊಂಡಿದ್ದಾರೆ. ಅಂಥವರಿಗೆ ಆಪ್ತರ ಮುಖವೂ ದನಿ ಕೇಳುವ ತನಕ ಗೊತ್ತಾಗದೆ ಹೋಗಬಹುದು, ಸಿನಿಮಾದಲ್ಲಿ ಪಾತ್ರಗಳು ಕಲಸಿಹೋಗುತ್ತವೆ. ಸೊಟ್ಟಮೂಗಿನವರನ್ನು ವಾರ ಬಿಟ್ಟು ಥಟ್ಟನೆ ಗುರುತಿಸುವ ನೀವು ಆ ಗುಂಪಿನವರಂತೆ ಕಾಣುವುದಿಲ್ಲ. ಆದರೆ ಯಾರಿಗೇ ಆಗಲಿ, ನಿನ್ನೆಯವರೆಗೆ ಗೊತ್ತಾಗುತ್ತಿದ್ದ ಮನೆಯವರ ಮುಖ ಇದ್ದಕ್ಕಿದ್ದಂತೆ ಗೊತ್ತಾಗದೆ ಹೋದರೆ ಅದು ಪಾರ್ಶ್ವವಾಯುವಿನ ಲಕ್ಷಣ ಇರಬಹುದು. ಆಗ ನಾಳೆ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು.